ಆಗ ಸರಳವಾಗಿರಲಿಲ್ಲ, ತಪ್ಪು ಕಣ್ಣಿಗೆ ಕಾಣುತ್ತಿತ್ತು

ಊರು ಬಿಟ್ಟು ಹೊರಗೆ ನೆಲೆ ನಿಂತವರ ಮಾತಿನಲ್ಲಿ ಬಿಟ್ಟು ಬಂದ ಊರೂ ಕಳೆದುಹೋದ ಕಾಲವೂ ಬೇಗ ಒಂದಾಗಿಬಿಡುತ್ತವೆ. ಹೊರನಾಡಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ‘ಆಗೆಲ್ಲ ಬದುಕು ಎಷ್ಟು ಸರಳವಾಗಿತ್ತು’ ಎಂಬ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ರೀಲು ಹಾಕುವ ಕ್ಯಾಮೆರಾದ ಸುದ್ದಿ. ನಾನು ಇದನ್ನು ಒಪ್ಪುವುದಿಲ್ಲ. ಅವರು ಕರೆತಂದ ಸಾಕ್ಷಿಯನ್ನೇ ಕೇಳೋಣ.

35 ಎಂಎಂ ರೀಲು ಹಾಕುವುದರಿಂದಲೇ ಶುರುಮಾಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಎಡಗಡೆಯ ರೀವೈಂಡ್ ನಾಬ್ ಮೇಲಕ್ಕೆಳೆದರೆ ಹಿಂದಿನ ಬಾಗಿಲು ತೆರೆದುಕೊಳ್ಳುತ್ತದೆ. ಡಬ್ಬಿಯನ್ನು ಗೂಡಿನಲ್ಲಿಟ್ಟು, ಫಿಲ್ಮಿನ ನಾಲಿಗೆಯನ್ನು ಬಲಗಡೆಯ ಸುರುಳಿಯ ಸೀಳಿಗೆ ಸಿಕ್ಕಿಸಿ, ಅಂಚಿನ ತೂತುಗಳು ಹಲ್ಲುಗಳ ಮೇಲೆ ಕೂತಿವೆಯೇ ಎಂದು ನೋಡಿ ಬಾಗಿಲು ಮುಚ್ಚಬೇಕು. ಆಮೇಲೆ ರೀವೈಂಡ್ ನಾಬನ್ನು ಮೆಲ್ಲಗೆ ತಿರುಗಿಸಿ ಸಡಿಲು ತೆಗೆಯಬೇಕು. ಮುಖ್ಯವಾದದ್ದು ಇಲ್ಲಿದೆ: ಲಿವರ್ ಎಳೆದಾಗ ಆ ನಾಬ್ ತಾನಾಗಿಯೇ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಹಿಡಿದಿಲ್ಲ. ಫೋಟೋ ಎಣಿಸುವ ಮುಳ್ಳು ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ, ಏಕೆಂದರೆ ಅದು ಎಣಿಸುವುದು ಲಿವರಿನ ಎಳೆತವನ್ನು, ಫಿಲ್ಮಿನ ಓಟವನ್ನಲ್ಲ. ಹಾಗೆ 36 ಫೋಟೋ ‘ತೆಗೆದು’ ಖಾಲಿ ರೀಲು ತೊಳೆಸಲು ಕೊಟ್ಟವರು ಬೇಕಾದಷ್ಟು ಜನ.

ಬೆಳಕಿನ ಲೆಕ್ಕವೂ ಕೈಯಲ್ಲೇ ಆಗಬೇಕಿತ್ತು. ಚೆನ್ನಾದ ಬಿಸಿಲಿಗೆ ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಇಟ್ಟು, ಫಿಲ್ಮಿನ ವೇಗದ ಸಂಖ್ಯೆ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಪಾಲು ಶಟರ್ ತೆರೆಯುವುದು ಸೂತ್ರ: 100ರ ಫಿಲ್ಮಿಗೆ ಅದಕ್ಕೆ ಹತ್ತಿರದ 1/125. ತೆಳು ಮೋಡವಿದ್ದರೆ ಎಫ್ 11, ಮೋಡ ಕವಿದರೆ ಎಫ್ 8, ತೆರೆದ ನೆರಳಿಗೆ ಎಫ್ 4. ಫ್ಲ್ಯಾಶ್ ಹಾಕಿದಾಗ ಹಳೆಯ ಬಟ್ಟೆ ಪರದೆಯ ಶಟರನ್ನು ಸಾಮಾನ್ಯವಾಗಿ 1/60ಕ್ಕೆ ಇಳಿಸಬೇಕು. ಮರೆತು 1/500ರಲ್ಲಿ ಹೊಡೆದರೆ ಚಿತ್ರದಲ್ಲಿ ಒಂದು ಪಟ್ಟಿಯಷ್ಟೇ ಮೂಡುತ್ತದೆ, ಉಳಿದದ್ದು ಕತ್ತಲು. ಆ ವೇಗದಲ್ಲಿ ಎರಡು ಪರದೆಗಳ ನಡುವಿನ ಸೀಳು ಕಿರಿದಾಗಿರುತ್ತದೆ. ಫ್ಲ್ಯಾಶ್ ಮಿಂಚಿದ ಕ್ಷಣದಲ್ಲಿ ಫಿಲ್ಮ್ ಪೂರ್ತಿ ತೆರೆದೇ ಇರುವುದಿಲ್ಲ.

ಇದನ್ನೆಲ್ಲ ಸರಳ ಎನ್ನುವುದು ಹೇಗೆ?

ಮನೆಯಲ್ಲೇ ಕಪ್ಪು–ಬಿಳುಪು ರೀಲು ತೊಳೆಯುವವರಿಗೆ ಇನ್ನೂ ಕೆಲಸವಿತ್ತು, ಈಗಲೂ ಇದೆ. ಪೂರ್ತಿ ಕತ್ತಲಲ್ಲಿ ಫಿಲ್ಮನ್ನು ಬೆಳಕು ಒಳಹೋಗದ ಟ್ಯಾಂಕಿನ ಸುರುಳಿಗೆ ಸುತ್ತಬೇಕು. ಪ್ಲಾಸ್ಟಿಕ್ ಸುರುಳಿ ಚೂರು ಒದ್ದೆಯಿದ್ದರೂ ಫಿಲ್ಮ್ ಮಧ್ಯದಲ್ಲೇ ಕಚ್ಚಿಕೊಳ್ಳುತ್ತದೆ. ಹಿಂದಿನ ರಾತ್ರಿ ತೊಳೆದ ಸುರುಳಿಯನ್ನು ಬೆಳಿಗ್ಗೆ ಬಳಸುವ ಆತುರದವರು ಬೆವರಿಳಿಸುವುದು ಇಲ್ಲಿಯೇ. 400ರ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಚಿತ್ರ ಮೂಡಿಸುವ ಐಡಿ-11 ಡೆವಲಪರನ್ನು ಸಮಪಾಲು ನೀರಿನೊಂದಿಗೆ, ಅಂದರೆ 150 ಮಿಲಿಗೆ 150 ಮಿಲಿ ಬೆರೆಸಿದರೆ 20 ಡಿಗ್ರಿಯಲ್ಲಿ 13 ನಿಮಿಷ. 24 ಡಿಗ್ರಿಯಾದರೆ ಸುಮಾರು 9 ನಿಮಿಷಕ್ಕೇ ಮುಗಿಯುತ್ತದೆ. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ಬೋರಲು ಮಾಡಿ ಎತ್ತಬೇಕು, ಮುಂದೆ ಪ್ರತಿ ನಿಮಿಷದ ಆರಂಭದಲ್ಲೂ ಹಾಗೆಯೇ. ಪ್ರತಿ ಸಲ ತಳವನ್ನು ಮೇಜಿಗೆ ತಟ್ಟದಿದ್ದರೆ ಗಾಳಿಗುಳ್ಳೆ ಕೂತು ಚಿತ್ರದಲ್ಲಿ ಚುಕ್ಕೆಯಾಗುತ್ತದೆ. ಬಳಿಕ ಡೆವಲಪರಿನ ಕೆಲಸ ನಿಲ್ಲಿಸಲು 10 ಸೆಕೆಂಡು ಸ್ಟಾಪ್ ಬಾತ್, ಚಿತ್ರವನ್ನು ಸ್ಥಿರಗೊಳಿಸಲು 2ರಿಂದ 5 ನಿಮಿಷ ರ‍್ಯಾಪಿಡ್ ಫಿಕ್ಸರ್. ತೊಳೆಯಲು ಟ್ಯಾಂಕಿಗೆ ಮೂರು ಸಲ ಹೊಸ ನೀರು ತುಂಬಿ ಕ್ರಮವಾಗಿ 5, 10, 20 ಸಲ ಬೋರಲು ಮಾಡಿದರೆ ಸಾಕು.

ಆದರೂ ಈ ಪಾಡಿನಲ್ಲಿ ಇಂದಿಗೆ ಇಲ್ಲದ ಒಂದು ದೊಡ್ಡ ಗುಣವಿತ್ತು. ಜನ ‘ಸರಳ’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಅದೇ ಇರಬೇಕು ಎಂದು ನನ್ನ ಎಣಿಕೆ. ತಪ್ಪು ಎಲ್ಲಾಯಿತು ಎಂದು ಓದಿಕೊಳ್ಳಬಹುದಿತ್ತು.

ತೊಳೆದ ನೆಗೆಟಿವನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಫಿಲ್ಮಿನ ಹೆಸರು, 12, 12ಎ ಎಂಬಂಥ ಸಂಖ್ಯೆಗಳು ಕಾಣುತ್ತವೆ. ಅವು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದವು, ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧವಿಲ್ಲ. ಚಿತ್ರಗಳಿಲ್ಲ ಆದರೆ ಸಂಖ್ಯೆಗಳು ಅಚ್ಚುಕಟ್ಟಾಗಿವೆ ಎಂದರೆ ತೊಳೆದವರ ತಪ್ಪಿಲ್ಲ, ಫಿಲ್ಮ್ ಓಡಿಲ್ಲ ಅಥವಾ ಶಟರ್ ತೆರೆದಿಲ್ಲ. ಸಂಖ್ಯೆಯೂ ಇಲ್ಲದೆ ಫಿಲ್ಮ್ ಗಾಜಿನಂತೆ ತಿಳಿಯಾಗಿದ್ದರೆ ಡೆವಲಪರ್ ಸತ್ತಿದೆ, ಇಲ್ಲವೇ ಫಿಕ್ಸರನ್ನು ಮೊದಲು ಸುರಿದಿದ್ದಾರೆ. ಉದ್ದಕ್ಕೂ ಕಪ್ಪಾಗಿದ್ದರೆ ಬೆಳಕು ಬಿದ್ದಿದೆ. ಮಬ್ಬು ಗೆರೆ ಚಿತ್ರವನ್ನು ದಾಟಿ ತೂತುಗಳವರೆಗೂ ಹಬ್ಬಿದ್ದರೆ ಬಾಗಿಲಿನ ಸಂದಿಯ ಫೋಮ್ ಹಳಸಿ ಬೆಳಕು ಸೋರುತ್ತಿದೆ. ಮಬ್ಬು ಚಿತ್ರದ ಚೌಕಟ್ಟಿನೊಳಗೇ ನಿಂತರೆ ಅದು ಲೆನ್ಸಿನ ಅಥವಾ ಶಟರಿನ ಕಡೆಯಿಂದ ಬಂದದ್ದು. ಹಾಲಿನಂಥ ಬಿಳಿ ಪೊರೆ ಕಂಡರೆ ಫಿಕ್ಸರ್ ಸಾಲದು, ಮತ್ತೆ ಅದರಲ್ಲಿ ಮುಳುಗಿಸಿದರೆ ಹೋಗುತ್ತದೆ. ಒಂದೂವರೆ ಮೀಟರಿನ ಆ ಪಟ್ಟಿಯೇ ಚಿತ್ರವೂ ಹೌದು, ತನಿಖೆಯ ವರದಿಯೂ ಹೌದು.

ಫೋನಿನಲ್ಲಿ ಇದನ್ನು ಹುಡುಕಿ ನೋಡಿ. ಒಂದು ಸಲ ಒತ್ತಿದರೆ ಅದು ಹಲವು ಚಿತ್ರ ಹಿಡಿದು, ಸೇರಿಸಿ, ನೆರಳನ್ನು ಎತ್ತಿ, ಒಂದನ್ನು ಮುಂದಿಡುತ್ತದೆ. ಕತ್ತಲೆಯಲ್ಲೂ ಅದರ ಫಲ ಬೆರಗಾಗುವಷ್ಟು ಚೆನ್ನಾಗಿರುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಮುಖ ಮೇಣದಂತೆ ನುಣುಪಾಗಿ ಬಂದರೆ ಯಾವ ಹಂತ ಅದನ್ನು ಕೆಡಿಸಿತು? ಮೆಸೇಜಿನಲ್ಲಿ ಬಂದ ಚಿತ್ರ ಕುಗ್ಗಿದ್ದು ಎಲ್ಲಿ, ತೆಗೆದ ದಿನಾಂಕ ಅಳಿಸಿದ್ದು ಯಾರು? ಹೊಸ ಫೋನಿಗೆ ಬದಲಾಯಿಸಿದ ಮೇಲೆ ಒಂದು ತಿಂಗಳ ಚಿತ್ರಗಳೇ ಇಲ್ಲ ಎಂದರೆ ನೋಡಲು ಅಂಚೂ ಇಲ್ಲ, ಸಂಖ್ಯೆಯೂ ಇಲ್ಲ.

ಕೆಲಸವನ್ನು ಬೇರೆಯವರಿಗೆ ದಾಟಿಸಿ ಅದನ್ನು ಸರಳತೆ ಎಂದು ಕರೆಯುವುದು ಈಗಿನದಲ್ಲ. 1888ರಲ್ಲಿ ಕೊಡಕ್ ಹೊರತಂದ ಪೆಟ್ಟಿಗೆಯಲ್ಲಿ 100 ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು, ನೀವು ಗುಂಡಿ ಒತ್ತಿ ಉಳಿದದ್ದು ನಮಗಿರಲಿ ಎಂಬುದು ಅವರ ಜಾಹೀರಾತು. ‘ಉಳಿದದ್ದು’ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅದೇ ಕಂಪನಿಯ ಬಣ್ಣದ ಫಿಲ್ಮ್ ಕೊಡಾಕ್ರೋಮ್ ಇದೆ. ಅದಕ್ಕೆ ಬಣ್ಣ ಸೇರಿಸುತ್ತಿದ್ದದ್ದು ಫಿಲ್ಮ್ ತೊಳೆಯುವಾಗ, ಮನೆಯಲ್ಲಿ ಆಗುವ ಕೆಲಸವಲ್ಲ. ಅಮೆರಿಕದ ಕಾನ್ಸಸ್‌ನಲ್ಲಿದ್ದ ಕೊನೆಯ ಲ್ಯಾಬ್ 2010ರ ಕೊನೆಗೆ ಅದನ್ನು ನಿಲ್ಲಿಸಿತು. ಅಂದಿನಿಂದ ತೊಳೆಯದೆ ಉಳಿದ ಕೊಡಾಕ್ರೋಮ್ ರೀಲುಗಳಿಂದ ಬಣ್ಣದ ಚಿತ್ರ ಬರುವ ದಾರಿ ಮುಚ್ಚಿತು. ಆದರೆ ಕಪ್ಪು–ಬಿಳುಪಿನ ಡಿ-76 ಡೆವಲಪರ್ 1927ರದು, ಅದನ್ನು ಇಂದಿಗೂ ಪುಡಿ ತೂಗಿ ಬೆರೆಸಿಕೊಳ್ಳಬಹುದು. ನನಗೆ ಬೆಲೆಯುಳ್ಳದ್ದಾಗಿ ಕಾಣುವ ಹಳತು ಇಂಥದ್ದು, ಒಳಗಿನ ಕೆಲಸ ಬಳಸುವವರ ಕೈಗೆ ಎಟುಕುವಂಥದ್ದು. ಟೈಪ್‌ರೈಟರ್ ಕೂಡ ಹಾಗೆಯೇ. ಅಕ್ಷರ ಮಸುಕಾದರೆ ರಿಬ್ಬನ್, ಎರಡು ಕಡ್ಡಿ ಸಿಕ್ಕಿಕೊಂಡರೆ ಬೆರಳಿನಿಂದ ಬಿಡಿಸಿದರಾಯಿತು. ಕಾರ್ಬನ್ ಇಟ್ಟ ಮೂರು ಪ್ರತಿಗಳಲ್ಲಿ ಒಂದೊಂದು ತಪ್ಪನ್ನೂ ಮೂರು ಸಲ ಅಳಿಸುವ ಗೋಳು ಬೇರೆ ಮಾತು, ಆ ಗೋಳು ಮರಳಿ ಬರಲಿ ಎಂದು ಯಾರೂ ಬಯಸಬೇಕಿಲ್ಲ.

ಹಾಗಾಗಿ ಹಳೆಯ ನೆಗೆಟಿವ್ ಯಾರ ಬಳಿಯಿದ್ದರೂ ಸ್ಕ್ಯಾನ್ ಮಾಡಿಸಿದ ಮೇಲೆ ಎಸೆಯಬೇಡಿ. ಕವರು ಬಿಚ್ಚಿ ಮೊದಲು ಮೂಸಿ. ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ತಳಪದರವಾದ ಅಸಿಟೇಟ್ ಕೊಳೆಯತೊಡಗಿದೆ. ಆ ಆವಿ ಪಕ್ಕದ ಫಿಲ್ಮಿಗೂ ತಗಲುತ್ತದೆ, ಅದಕ್ಕೇ ಅವನ್ನು ಬೇರೆ ಪೆಟ್ಟಿಗೆಗೆ ಹಾಕಿ, ಸ್ಕ್ಯಾನಿಗೆ ಮೊದಲು ಅವನ್ನೇ ಕೊಡಿ. ವಾಸನೆಯಿಲ್ಲದವನ್ನು ಅಂಚು ಹಿಡಿದು ಆಮ್ಲವಿಲ್ಲದ ಕಾಗದದ ಅಥವಾ ಪಾಲಿಪ್ರೊಪಿಲೀನ್ ಕವರಿಗೆ ಜಾರಿಸಿ, ತಂಪಾದ ಒಣ ಜಾಗದಲ್ಲಿಡಿ. ಪಿವಿಸಿ ಕವರು ಬೇಡ, ಕಾಲ ಕಳೆದಂತೆ ಅದು ಫಿಲ್ಮಿಗೆ ಅಂಟಿಕೊಳ್ಳುತ್ತದೆ. ಕವರಿನ ಮೇಲೆ ವರ್ಷ, ಊರು, ಚಿತ್ರದಲ್ಲಿರುವವರ ಹೆಸರು ಪೆನ್ಸಿಲಿನಲ್ಲಿ ಬರೆಯಿರಿ, ಆದರೆ ಫಿಲ್ಮ್ ಒಳಗೆ ಹೋಗುವ ಮೊದಲೇ. ಒಳಗಿಟ್ಟು ಬರೆದರೆ ಒತ್ತಿದ ಗೆರೆ ಫಿಲ್ಮಿನ ಮೇಲೂ ಮೂಡುತ್ತದೆ.