ಸಲಹೆ ಮೇಲಕ್ಕೆ, ಅಮಾನತು ಕೆಳಕ್ಕೆ

ಕೋವಿಡ್ ಕಾಲದ ಖರೀದಿಯ ಅಕ್ರಮ ತನಿಖೆ ಮಾಡಲು ರಾಜ್ಯ ಸರ್ಕಾರ ಹಾಕಿದ ಕುನ್ಹಾ ಆಯೋಗದ ಸುದ್ದಿ ಮತ್ತೆ ಪೇಪರಿಗೆ ಬಂದಿದೆ. ಪಿಪಿಇ ಕಿಟ್ ಯಾರಿಂದ ಕೊಂಡರು, ಎಷ್ಟಕ್ಕೆ ಕೊಂಡರು ಅನ್ನೋ ಕಥೆ ನಿಮಗೆ ಗೊತ್ತೇ ಇದೆ, ಬಿಡಿ. ನನ್ನ ತಲೆ ಕೆಡಿಸಿದ್ದು ರೇಟಲ್ಲ. ಕೋವಿಡ್ ಕಾಲದ ಯಾವ ಲೆಕ್ಕ ಕೇಳಿದರೂ ನಮ್ಮ ನಾಯಕರ ಜೇಬಿನಲ್ಲಿ ಒಂದೇ ಉತ್ತರ ರೆಡಿ ಇರುತ್ತದೆ. ತಜ್ಞರು ಹೇಳಿದ ಹಾಗೆ ಮಾಡಿದೆವು, ಅಷ್ಟೆ. ಕಿಟ್ಟಿಗಾದರೂ ಬಿಲ್ ಇರುತ್ತದೆ, ಹುಡುಕಬಹುದು. ಕಿವಿಗೆ ಹಾಕಿಕೊಳ್ಳದೆ ಬಿಟ್ಟ ಸಲಹೆಗೆ ಬಿಲ್ ಎಲ್ಲಿ ಸಿಗುತ್ತದೆ?

ಈ ವಿಷಯದಲ್ಲಿ ಕಲಬುರಗಿಯವರಿಗೆ ಸ್ವಲ್ಪ ಹಿರಿತನ ಇದೆ. ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನದು. 2020ರ ಮಾರ್ಚ್ 12ಕ್ಕೆ ಅದು ಖಚಿತವಾಯಿತು. ಮರುದಿನವೇ ಮುಖ್ಯಮಂತ್ರಿ ಯಡಿಯೂರಪ್ಪನವರು ಇಡೀ ರಾಜ್ಯಕ್ಕೆ ಹೇಳಿದರು: ಮಾಲ್ ಬಂದ್, ಥಿಯೇಟರ್ ಬಂದ್, ದೊಡ್ಡ ಮದುವೆ ಬೇಡ. 15ಕ್ಕೆ ಅವರೇ ಬೆಳಗಾವಿಗೆ ಹೋಗಿ ತಮ್ಮ ಪಕ್ಷದವರ ಮನೆಯ ದೊಡ್ಡ ಮದುವೆ ಮುಗಿಸಿಕೊಂಡು ಬಂದರು. ಇಲ್ಲಿ ನಾವು ಮನೆಯೊಳಗೆ ಕೂತು ಕೈ ತೊಳೆಯುತ್ತಿದ್ದೆವು. ಬೆಂಗಳೂರಿನ ನೆಂಟರು ಫೋನ್ ಮಾಡಿ, ಆರೋಗ್ಯ ವಿಚಾರಿಸಿ, ಸದ್ಯಕ್ಕೆ ಈ ಕಡೆ ಬರಬೇಡಿ ಅಂತ ಪ್ರೀತಿಯಿಂದ ಹೇಳುತ್ತಿದ್ದರು.

ಆಮೇಲೆ ಬಂತು ರಾತ್ರಿಯನ್ನೇ ನೋಡದ ರಾತ್ರಿ ಕರ್ಫ್ಯೂ. ಅದೇ ವರ್ಷ ಡಿಸೆಂಬರ್ 23ಕ್ಕೆ ಘೋಷಣೆ: ಇವತ್ತಿನಿಂದಲೇ, ಹತ್ತು ಗಂಟೆಗೆ. ಸ್ವಲ್ಪ ಹೊತ್ತಿಗೆ ತಿದ್ದುಪಡಿ: ನಾಳೆಯಿಂದ, ಹನ್ನೊಂದು ಗಂಟೆಗೆ. ನಾಳೆ ಸಂಜೆ ಬರುವಷ್ಟರಲ್ಲಿ ಕರ್ಫ್ಯೂನೇ ಇಲ್ಲ! ಹಾಕುವಾಗ ಸರ್ಕಾರಕ್ಕೆ ಕೋವಿಡ್ ಸಲಹೆ ಕೊಡುತ್ತಿದ್ದ ತಜ್ಞರ ತಾಂತ್ರಿಕ ಸಲಹಾ ಸಮಿತಿಯ ಹೆಸರು, ತೆಗೆಯುವಾಗ ಜನಾಭಿಪ್ರಾಯದ ಹೆಸರು. ಆ ಸಮಿತಿ ನವೆಂಬರ್ ಕೊನೆಯಲ್ಲೇ ಎರಡನೇ ಅಲೆಗೆ ತಯಾರಾಗಿ ಅಂತ ವರದಿ ಕೊಟ್ಟಿತ್ತು. ಅದರ ಬಗ್ಗೆ ಯಾರೂ ಜನಾಭಿಪ್ರಾಯ ಕೇಳಲಿಲ್ಲ.

2021ರ ಏಪ್ರಿಲ್ 10ರಿಂದ ಕರ್ಫ್ಯೂ ನಿಜವಾಗಿ ಬಂತು. ಬೆಂಗಳೂರು, ಮೈಸೂರಿನ ಜೊತೆ ಕಲಬುರಗಿ, ಬೀದರ್‌ಗೂ ಸ್ಥಾನ ಸಿಕ್ಕಿತು. ಬೇರೆ ಯಾವ ಪಟ್ಟಿಯಲ್ಲೂ ನಮ್ಮನ್ನು ಇಷ್ಟು ಬೇಗ ಸೇರಿಸಿದ್ದು ನೆನಪಿಲ್ಲ. ಆದರೆ ಏಪ್ರಿಲ್‌ನಲ್ಲಿ ನಮ್ಮ ಕಡೆ ಬಂದವರಿಗೆ ಗೊತ್ತು, ಇಲ್ಲಿ ಹಗಲು ಕರ್ಫ್ಯೂ ಹಾಕೋದು ಸೂರ್ಯ. ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ನಾಯಿ ಕೂಡ ಓಡಾಡುವುದಿಲ್ಲ. ಜನ ಹೊರಗೆ ಬರೋದೇ ಹೊತ್ತು ಮುಳುಗಿದ ಮೇಲೆ. ಊಟ ಮುಗಿಸಿ ಕಟ್ಟೆ ಮೇಲೆ ಕೂತು, ಗಾಳಿ ಬಂದರೆ ಬರಲಿ ಅಂತ ಮಾಳಿಗೆ ಹತ್ತಿ ಮಲಗುತ್ತಾರೆ. ನಮ್ಮ ಓಣಿಯ ಹಿರಿಯರೊಬ್ಬರು ಗಸ್ತಿಗೆ ಬಂದ ಪೊಲೀಸಪ್ಪನನ್ನು ಮೇಲಿನಿಂದಲೇ ಕೇಳಿದರು: "ಸಾಹೇಬ್ರ, ಮಾಳಗಿ ಮ್ಯಾಲ ಮಕ್ಕೊಂಡ್ರ ಒಳಗ ಅಂತೀರೋ, ಹೊರಗ ಅಂತೀರೋ?" ಪಾಪ, ಆತ ಬಹಳ ಹೊತ್ತು ಯೋಚನೆ ಮಾಡಿದ. "ನನಗೇನ್ ಗೊತ್ತರೀ ಕಾಕಾ, ಆರ್ಡರ್‌ನ್ಯಾಗ ಮಾಳಗಿ ಇಲ್ಲ" ಅಂದ. ಆ ಇಡೀ ವರ್ಷ ಸರ್ಕಾರದ ಕಡೆಯಿಂದ ನಾನು ಕೇಳಿದ ಪ್ರಾಮಾಣಿಕ ಉತ್ತರ ಅದು.

ಬೀದರ್ ನಗರದಲ್ಲಿ ಹತ್ತಕ್ಕೆ ಬಾಗಿಲು ಹಾಕಿಸುತ್ತಿದ್ದ ಅದೇ ವಾರ, ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಉಪಚುನಾವಣೆ. ಏಪ್ರಿಲ್ 17ಕ್ಕೆ ಮತದಾನ. ಅಲ್ಲಿ ಎಲ್ಲ ಪಕ್ಷದವರಿಗೂ ಜನ ಬೇಕಾಗಿತ್ತು. 16ಕ್ಕೆ, ಉಪಚುನಾವಣೆ ಪ್ರಚಾರ ಮುಗಿಸಿದ್ದ ಮುಖ್ಯಮಂತ್ರಿಗಳಿಗೇ ಎರಡನೇ ಸಲ ಪಾಸಿಟಿವ್ ಬಂತು. ಇನ್ನು ಈ ಚುನಾವಣೆ ಯಾಕೆ ಬಂದಿತ್ತು? ಅಲ್ಲಿನ ಶಾಸಕ ಬಿ. ನಾರಾಯಣರಾವ್ ಹಿಂದಿನ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು. ಕೋವಿಡ್‌ನಿಂದ ಖಾಲಿಯಾದ ಕುರ್ಚಿಯನ್ನು ಕೋವಿಡ್ ಏರುತ್ತಿರುವಾಗಲೇ ಗುಂಪು ಸೇರಿಸಿ ತುಂಬಿಸಿದರು. ಇಲ್ಲಿ ನನಗೆ ತಮಾಷೆ ಬರೆಯಲು ಆಗುತ್ತಿಲ್ಲ. ಚುನಾವಣೆ ಡ್ಯೂಟಿ ಅಂತ ಕಳಿಸಿದ ಮೇಷ್ಟ್ರುಗಳು ಆಮೇಲೆ ಸತ್ತ ಸುದ್ದಿ ಬಂತು. ಡ್ಯೂಟಿಗೆ ಬರಲ್ಲ ಅಂದರೆ ನೋಟಿಸ್ ಕೊಡುತ್ತಿದ್ದರು. ಕಳಿಸಿದವರಿಗೆ ಯಾರು ನೋಟಿಸ್ ಕೊಟ್ಟರು? ಚುನಾವಣಾ ಆಯೋಗವನ್ನು ಕೇಳಿದರೆ ಸರ್ಕಾರ, ಸರ್ಕಾರವನ್ನು ಕೇಳಿದರೆ ಆಯೋಗ.

ಹಾಗಂತ ನಮ್ಮ ಭಾಗದಲ್ಲಿ ಹೊಣೆ ಹೊತ್ತವರೇ ಇಲ್ಲ ಅಂದರೆ ತಪ್ಪಾಗುತ್ತದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ ತೇರು ಎಳೆದರು. ಪಿಎಸ್‌ಐ ಅಮಾನತು. 2021ರ ಆಗಸ್ಟ್‌ನಲ್ಲಿ ಜನ ಸೇರಬಾರದು ಅನ್ನೋ ನಿಯಮ ಇರುವಾಗಲೇ ಕೇಂದ್ರ ಸಚಿವ ಭಗವಂತ ಖೂಬಾ ಅವರ ಜನಾಶೀರ್ವಾದ ಯಾತ್ರೆ ಯಾದಗಿರಿಗೆ ಬಂತು. ಯರಗೋಳದಲ್ಲಿ ಬೆಂಬಲಿಗರು ಬಂದೂಕು ತೆಗೆದು ಗಾಳಿಯಲ್ಲಿ ಗುಂಡು ಹಾರಿಸಿ ಸ್ವಾಗತ ಮಾಡಿದರು. ಕಾನ್‌ಸ್ಟೇಬಲ್‌ಗಳು ಅಮಾನತು. ಯಾತ್ರೆ ಮುಂದಕ್ಕೆ ಹೋಯಿತು. ಅದಕ್ಕೇ ನನ್ನದೊಂದು ಸಲಹೆ. ಮುಂದಿನ ಸಲ ತಾಂತ್ರಿಕ ಸಲಹಾ ಸಮಿತಿಗೆ ಡಾಕ್ಟರುಗಳನ್ನು ಹಾಕಿ ಸುಮ್ನೆ ಅವರ ಟೈಮ್ ಹಾಳು ಮಾಡಬೇಡಿ. ಒಬ್ಬ ಪಿಎಸ್‌ಐ, ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಹಾಕಿ. ಹೇಗೂ ಕೊನೆಗೆ ಮನೆಗೆ ಹೋಗೋದು ಅವರೇ ಅಲ್ವಾ, ಮೊದಲೇ ಒಂದು ಮಾತು ಕೇಳಿದ ಹಾಗೂ ಆಗುತ್ತದೆ.

ಕಾಂಗ್ರೆಸ್‌ನವರು ಇದನ್ನು ಓದಿ ಜಾಸ್ತಿ ಖುಷಿ ಪಡಬೇಡಿ. 2022ರ ಜನವರಿಯಲ್ಲಿ, ವಾರಾಂತ್ಯದ ಕರ್ಫ್ಯೂ ನಡುವೆ, ಮೇಕೆದಾಟು ಪಾದಯಾತ್ರೆ ಹೊರಟವರು ನೀವೇ. ಹೈಕೋರ್ಟ್ ಕೇಳಿದ ಮೇಲೆ ನಿಂತಿರಿ. ಈಗ ಅಧಿಕಾರ ನಿಮ್ಮದು, ಕುನ್ಹಾ ಆಯೋಗ ಮಾಡಿದವರೂ ನೀವೇ. ಕಿಟ್ಟಿನ ಫೈಲ್ ಜೊತೆ ಇನ್ನೊಂದು ಫೈಲನ್ನೂ ಹೊರಗೆ ತನ್ನಿ. ಸಮಿತಿ ಯಾವ ದಿನ ಏನು ಹೇಳಿತು, ಯಾವುದನ್ನು ಒಪ್ಪಲಿಲ್ಲ, ಒಪ್ಪದವರು ಯಾರು. ಮುಂದಿನ ರೋಗ ಬಂದಾಗ ಅದೇ ಫೈಲಿನಲ್ಲಿ ಮಂತ್ರಿಗಳು ಸಹಿ ಹಾಕೋದಕ್ಕೂ ಒಂದು ಜಾಗ ಬಿಡಿ. ಪೆನ್ನು ಬೇಕಾದರೆ ಕಲಬುರಗಿಯಿಂದ ಕಳಿಸುತ್ತೇವೆ.