ಅಮ್ಮನ 18, ಅಮೆರಿಕದ 40

ಅಮ್ಮ ಅಮೆರಿಕಕ್ಕೆ ಬಂದು ಇನ್ನೂ ವಾರ ಆಗಿರಲಿಲ್ಲ. ಮಗಳನ್ನು ಮಕ್ಕಳ ಕಾರ್ ಸೀಟಿನಲ್ಲಿ ಕೂರಿಸುತ್ತಿದ್ದೆ. ಪಕ್ಕದ ಲೇಬಲ್ ಮೇಲೆ ಬೆರಳಿಟ್ಟು ಅಮ್ಮ ಗಾಬರಿಯಾದರು.

"ಇದ್ರಲ್ಲಿ 18ರ ತನಕ ಅಂತಿದೆ ಕಣೋ. ಮಗು 28 ಇದಾಳೆ ಅಂತ ನೀನೇ ಫೋನಲ್ಲಿ ಹೇಳಿದ್ದಲ್ವಾ?"

ಅವರು ಓದಿದ್ದು ಕೆಜಿ, ನಾನು ಹೇಳಿದ್ದು ಪೌಂಡ್. 28 ಪೌಂಡ್ ಅಂದರೆ 12.7 ಕೆಜಿ. ಹಿಂದಕ್ಕೆ ಮುಖ ಮಾಡಿ ಕೂರಿಸಲು ಆ ಸೀಟಿನ ಮಿತಿ 40 ಪೌಂಡ್, ಅಂದರೆ 18.1 ಕೆಜಿ. ಇಬ್ಬರೂ ನಕ್ಕೆವು.

ನಗು ಬಹಳ ಹೊತ್ತು ಉಳಿಯಲಿಲ್ಲ. ಅಮ್ಮನದು ಹೆದರಿಸುವ ತಪ್ಪು, ಅದರಿಂದ ಮಗುವಿಗೇನೂ ಆಗಲ್ಲ. ಅದೇ ತಪ್ಪು ಉಲ್ಟಾ ಆದರೆ? ಮನೆಯ ತೂಕದ ಯಂತ್ರ ಕೆಜಿಯಲ್ಲಿ 20 ತೋರಿಸುತ್ತದೆ. ಲೇಬಲ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು 40. ಇನ್ನೂ ಅರ್ಧ ಬಾಕಿ ಇದೆ ಅಂತ ನಿಶ್ಚಿಂತೆಯಾಗಿರುತ್ತೇವೆ. ಮಗು ಆಗಲೇ 44 ಪೌಂಡ್ ಆಗಿರುತ್ತದೆ. ಸಮಾಧಾನ ಕೊಡುವ ತಪ್ಪನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಇಲ್ಲಿ ಇನ್ನೊಂದು ಲೆಕ್ಕ ಇದೆ. ಕಾರಿನ ಸೀಟಿನ ಸಂದಿಯಲ್ಲಿ ಲೋಹದ ಕೊಂಡಿಗಳಿರುತ್ತವೆ, ಅದಕ್ಕೆ ಮಗುವಿನ ಸೀಟನ್ನು ಸಿಕ್ಕಿಸುತ್ತೇವೆ. ಲ್ಯಾಚ್ ಅಂತಾರೆ. ಇದರ ಮಿತಿ ಮಗು ಮತ್ತು ಸೀಟು ಎರಡೂ ಸೇರಿ 65 ಪೌಂಡ್. ಸೀಟೇ 25 ಪೌಂಡ್ ಇದ್ದರೆ ಮಗುವಿಗೆ ಉಳಿಯುವುದು 40. ಅದು ದಾಟಿದರೆ ಕೊಂಡಿ ಬಿಟ್ಟು ಕಾರಿನ ಬೆಲ್ಟ್‌ನಿಂದಲೇ ಕಟ್ಟಬೇಕು. ಈ ಕಳೆಯುವ ಲೆಕ್ಕವನ್ನು ಅಪ್ಪ ಅಮ್ಮಂದಿರಿಗೇ ಬಿಡಬಾರದು ಅಂತ 2014ರಿಂದ, ಮಿತಿ ದಾಟಬಹುದಾದ ಸೀಟುಗಳ ಮೇಲೆ ಮಗುವಿನ ತೂಕವನ್ನೇ ಬರೆಸುತ್ತಾರೆ. ಒಳ್ಳೇದೇ ಮಾಡಿದರು. ಅರ್ಧ ಲೆಕ್ಕ ಪೌಂಡಿನಲ್ಲಿ, ಅರ್ಧ ಕೆಜಿಯಲ್ಲಿ ಕಳೆಯುತ್ತಾ ಕೂತವನು ನಾನೇ.

ಹಾಗಂತ ಅಮೆರಿಕದವರನ್ನು ಆಡಿಕೊಳ್ಳುವ ಹಕ್ಕು ನಮಗೇನೂ ಇಲ್ಲ. ನಾವು ತೂಕ ಕೆಜಿಯಲ್ಲಿ ಹೇಳುತ್ತೇವೆ, ಎತ್ತರ ಅಡಿ ಇಂಚಿನಲ್ಲಿ, ಜ್ವರ ಫ್ಯಾರನ್‌ಹೀಟ್‌ನಲ್ಲಿ. ಪೌಂಡನ್ನು ಕೆಜಿ ಅಂದುಕೊಂಡು ಗಾಬರಿಯಾದ ಅಮ್ಮನಿಗೆ, 4 ಅಡಿ 9 ಇಂಚು ಆಗುವ ತನಕ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು ಬೇಕು ಅಂದಾಗ ತಕ್ಷಣ ಅರ್ಥವಾಯಿತು. "ನನಗಿಂತ ಸ್ವಲ್ಪ ಗಿಡ್ಡ" ಅಂದರು. 145 ಸೆಂಟಿಮೀಟರ್ ಅಂದಿದ್ದರೆ ಸುಮ್ನೆ ತಲೆಯಾಡಿಸುತ್ತಿದ್ದರೇನೋ.

ಯುರೋಪಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಹಳೆಯ ನಿಯಮದಲ್ಲಿ ತೂಕದ ಗುಂಪುಗಳಿದ್ದವು: 9ರಿಂದ 18 ಕೆಜಿ, 15ರಿಂದ 25 ಕೆಜಿ, ಹೀಗೆ ಒಂದರ ಮೇಲೊಂದು. 2013ರಲ್ಲಿ ಬಂದ ಐ-ಸೈಜ್ ಅನ್ನುವ ಹೊಸ ನಿಯಮದಲ್ಲಿ ಸೀಟು ಆರಿಸುವುದು ಎತ್ತರ ನೋಡಿ, ಸೆಂಟಿಮೀಟರಿನಲ್ಲಿ. ತೂಕದ ಮಿತಿ ಹೋಗಿಲ್ಲ, ಹಿಂದಕ್ಕೆ ಸರಿದಿದೆ ಅಷ್ಟೆ. ಮಗುವಿನ ತಲೆ ಸೀಟಿನ ಅಂಚಿಗೆ ಬಂತಾ ಅಂತ ಕಣ್ಣಲ್ಲೇ ಕಾಣುತ್ತದೆ, ತೂಕ ಕಾಣಲ್ಲ.

ಅಮೆರಿಕದ ಲೇಬಲ್‌ನಲ್ಲಿ ಎರಡೂ ಅಳತೆ ಇರಲಿ, ಆದರೆ ಕೆಜಿ ಮೊದಲು ಬರಲಿ ಅನ್ನುವುದು ನನ್ನ ವಾದ. ಇಲ್ಲಿನ ಮಕ್ಕಳ ಡಾಕ್ಟರು ಔಷಧಿ ಲೆಕ್ಕ ಹಾಕುವುದೂ ಕೆಜಿಯಲ್ಲೇ. 2015ರಲ್ಲಿ ಅವರ ಅಕಾಡೆಮಿ ಚಮಚದ ಅಳತೆ ಬಿಡಿ, ಮಿಲಿಲೀಟರ್ ಮಾತ್ರ ಬಳಸಿ ಅಂತಲೂ ಹೇಳಿತು. ಔಷಧಿಗೆ ಆದದ್ದು ಸೀಟಿಗೂ ಆಗಬಹುದಲ್ವಾ?

ಸದ್ಯಕ್ಕೆ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: 18 ಕೆಜಿ. ಪಟ್ಟಿ ಬಿಗಿಯಾಗಿದೆಯಾ ಅಂತ ನೋಡುವುದು ಅಮ್ಮನ ಕೆಲಸ. ಹೆಗಲ ಹತ್ತಿರ ಚಿವುಟುತ್ತಾರೆ. ಬೆರಳಿಗೆ ಪಟ್ಟಿ ಸಿಕ್ಕರೆ ಸಡಿಲ, ಇನ್ನೊಮ್ಮೆ ಎಳೆ ಅಂತಾರೆ.