ಹೆಸರಲ್ಲ, ಮೊದಲು ಊರು ಹಿಡಿಯಿರಿ

ಐರ್ಲೆಂಡಿನ ಪೂರ್ವಜರನ್ನು ಹುಡುಕಹೊರಟವರ ಕಿವಿಗೆ ಮೊದಲು ಬೀಳುವ ಮಾತು: "1922ರಲ್ಲಿ ಎಲ್ಲಾ ಸುಟ್ಟುಹೋಯ್ತು, ಬಿಟ್ಟುಬಿಡಿ." ದಯವಿಟ್ಟು ಇದನ್ನು ನಂಬಿ ಕೈಬಿಡಬೇಡಿ. ಆ ವರ್ಷದ ಜೂನ್ 30ರಂದು ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ನ್ಯಾಯಾಲಯದ ಆವರಣದ ದಾಖಲೆ ಕಚೇರಿ ಉರಿದದ್ದು ನಿಜ. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು ಬಹುಪಾಲು ಬೂದಿಯಾದವು, ಪ್ರಾಟೆಸ್ಟಂಟ್ ಚರ್ಚುಗಳ ಎಷ್ಟೋ ರಿಜಿಸ್ಟರ್‌ಗಳೂ ಹೋದವು. ಆದರೆ 1861, 1871ರ ಗಣತಿಯನ್ನು ಸರ್ಕಾರವೇ ಮೊದಲೇ ನಾಶಮಾಡಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಯಿತು. ಕ್ಯಾಥೊಲಿಕ್ ರಿಜಿಸ್ಟರ್‌ಗಳು ಚರ್ಚುಗಳಲ್ಲೇ ಇದ್ದವು, ಹಾಗಾಗಿ ಉಳಿದವು. ಜನನ, ಮರಣ, ಮದುವೆಯ ಸರ್ಕಾರಿ ನೋಂದಣಿಯೂ ಉಳಿಯಿತು. 1901 ಮತ್ತು 1911ರ ಗಣತಿ ಪೂರ್ತಿಯಾಗಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಹುಡುಕಾಟ ಸೋಲುವುದು ಬೆಂಕಿಯಿಂದಲ್ಲ, ಊರು ಗೊತ್ತಿಲ್ಲದೆ ಹೆಸರಿನ ಬೆನ್ನು ಹತ್ತುವುದರಿಂದ. ಒಂದೇ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಜಾನ್ ಮರ್ಫಿಗಳು ನೂರಾರು. ಬೇಕಾದದ್ದು ಟೌನ್‌ಲ್ಯಾಂಡ್. ನಮ್ಮ ಕಂದಾಯ ಗ್ರಾಮ ಇದ್ದಂತೆ ಅದು ಅಲ್ಲಿನ ನೆಲದ ಅತಿ ಚಿಕ್ಕ ಗುರುತು. ಐರ್ಲೆಂಡಿನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಇವೆ. ಅದರ ಮೇಲೆ ಒಂದಕ್ಕಿಂತ ಒಂದು ದೊಡ್ಡದಾಗಿ ಪ್ಯಾರಿಷ್, ಬ್ಯಾರನಿ, ಕೌಂಟಿ.

ಈ ಊರಿನ ಹೆಸರು ಐರ್ಲೆಂಡಿನಲ್ಲಿ ಸಿಗುವುದಕ್ಕಿಂತ ವಲಸೆ ಹೋದ ದೇಶದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅಮೆರಿಕದ ಚರ್ಚಿನ ಮದುವೆ ದಾಖಲೆ, ಗೋರಿಕಲ್ಲು, ಪತ್ರಿಕೆಯ ನಿಧನವಾರ್ತೆ, ಆಸ್ಟ್ರೇಲಿಯಾದ ಮರಣಪತ್ರ ಇವನ್ನೆಲ್ಲ ಮೊದಲು ಮುಗಿಸಿ. ಹಳೆಯ ಹಡಗಿನ ಪಟ್ಟಿಗಳಲ್ಲಿ ಬರೀ "ಐರ್ಲೆಂಡ್" ಎಂದಿರುತ್ತದೆ. "ಕ್ವೀನ್ಸ್‌ಟೌನ್" ಎಂದು ಕಂಡರೆ ಅದು ಹಡಗು ಹತ್ತಿದ ಬಂದರು, ಇವತ್ತಿನ ಕೋವ್. ಅದನ್ನೇ ಹುಟ್ಟೂರೆಂದುಕೊಂಡು ಕಾರ್ಕ್ ಕೌಂಟಿಯನ್ನೆಲ್ಲ ಜಾಲಾಡುವವರಿದ್ದಾರೆ. ಕಿಂಗ್ಸ್ ಕೌಂಟಿ ಎಂದರೆ ಈಗಿನ ಆಫಲಿ, ಕ್ವೀನ್ಸ್ ಕೌಂಟಿ ಎಂದರೆ ಲೀಶ್.

ಊರು ಸಿಕ್ಕ ಮೇಲೆ 1911ರಿಂದ ಹಿಂದಕ್ಕೆ ನಡೆಯಿರಿ. ಆ ಗಣತಿಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಬದುಕಿದ್ದಾರೆ ಎಂದು ಕೇಳಿದ್ದರು. ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ 56 ಇದ್ದ ಅಜ್ಜಿಗೆ 1911ರಲ್ಲಿ 71 ಆಗಿದ್ದರೆ ಆಶ್ಚರ್ಯಪಡಬೇಕಿಲ್ಲ. 1909ರ ಜನವರಿಯಿಂದ 70 ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಶುರುವಾಗಿತ್ತು, ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ. ಹಾಗಾಗಿ ಕೈಯಲ್ಲಿ ಪುರಾವೆ ಇರಲಿಲ್ಲ. ಅರ್ಜಿದಾರರ ವಯಸ್ಸು ಖಚಿತಪಡಿಸಲು ಅಧಿಕಾರಿಗಳು ಆಗಿನ್ನೂ ಇದ್ದ 1841, 1851ರ ಗಣತಿ ಪುಸ್ತಕಗಳನ್ನು ತೆರೆದು ನೋಡುತ್ತಿದ್ದರು. ಆ ಹುಡುಕಾಟದ ಫಾರಂಗಳು ಉಳಿದಿವೆ. ತಂದೆತಾಯಿಯ ಹೆಸರು, ಟೌನ್‌ಲ್ಯಾಂಡ್, ಕೆಲವೊಮ್ಮೆ ಇಡೀ ಮನೆಯವರ ವಿವರ ಅವುಗಳಲ್ಲಿದೆ. ಸುಟ್ಟ ಗಣತಿಯ ತುಣುಕುಗಳು ಮುದುಕರ ಪಿಂಚಣಿ ಅರ್ಜಿಯಲ್ಲಿ ಬದುಕಿರುವುದು! ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಭಂಡಾರದ ಜಾಲತಾಣದಲ್ಲಿ ಇವನ್ನು ತಪ್ಪದೆ ನೋಡಿ.

ಜನನ ನೋಂದಣಿಯಲ್ಲಿ ತಾಯಿಯ ತವರಿನ ಹೆಸರು ಸಿಗುತ್ತದೆ, ಮದುವೆಯಲ್ಲಿ ಇಬ್ಬರ ತಂದೆಯ ಹೆಸರು, ಕಸುಬು. ಮರಣ ದಾಖಲೆಯಲ್ಲಿ ತಂದೆತಾಯಿ ಇರುವುದಿಲ್ಲ. ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ತಾರೀಖು ಹುಟ್ಟಿದ ತಾರೀಖಿಗಿಂತ ಮೊದಲೇ ಇದ್ದರೆ ಗಾಬರಿ ಬೇಡ: ತಡವಾಗಿ ನೋಂದಾಯಿಸಿದರೆ ದಂಡ, ಅದಕ್ಕೇ ಜನ ಹುಟ್ಟಿದ ದಿನವನ್ನೇ ಮುಂದಕ್ಕೆ ತಳ್ಳಿ ಬರೆಸುತ್ತಿದ್ದರು. ಪಾದ್ರಿಯ ಪುಸ್ತಕವನ್ನೇ ನಂಬಿ. ಅದರಲ್ಲಿ ಹೆಸರುಗಳು ಎಷ್ಟೋ ಕಡೆ ಲ್ಯಾಟಿನ್‌ನಲ್ಲಿರುತ್ತವೆ: ಜಾಕೋಬಸ್ ಎಂದರೆ ಜೇಮ್ಸ್, ಗುಲಿಯೆಲ್ಮಸ್ ಎಂದರೆ ವಿಲಿಯಂ. ಮನೆತನದ ಹೆಸರಿನ ಮೊದಲಿಗೆ ಬರುವ "ಓ", "ಮ್ಯಾಕ್" ಬಿಟ್ಟೂ ಹುಡುಕಿ.

1864ಕ್ಕಿಂತ ಹಿಂದೆ ಆಸರೆಯಾಗುವುದು ಗ್ರಿಫಿತ್ ಮೌಲ್ಯಮಾಪನ ಎಂಬ ಜಮೀನು ತೆರಿಗೆಯ ಸಮೀಕ್ಷೆ, 1847ರಿಂದ 1864. ನಮ್ಮ ಪಹಣಿಯಂತೆಯೇ ಓದಿ: ಅನುಭವದಲ್ಲಿದ್ದವರು, ಜಮೀನು ಕೊಟ್ಟ ಒಡೆಯ, ವಿಸ್ತೀರ್ಣ, ತೆರಿಗೆ ಮೌಲ್ಯ. ಹೆಂಡತಿ ಮಕ್ಕಳ ಹೆಸರು ಇರುವುದಿಲ್ಲ. "ಜಾನ್ ಮರ್ಫಿ (ಪ್ಯಾಟ್)" ಎಂದಿದ್ದರೆ ಪ್ಯಾಟ್‌ನ ಮಗ ಜಾನ್ ಎಂದರ್ಥ, ಆ ಆವರಣವನ್ನು ನಕಲು ಮಾಡುವಾಗ ಬಿಟ್ಟುಬಿಡಬೇಡಿ. ಆಮೇಲಿನ ಪರಿಷ್ಕರಣೆ ಪುಸ್ತಕಗಳಲ್ಲಿ ಹಳೆಯ ಹೆಸರು ಹೊಡೆದು ಹೊಸದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿರುತ್ತಾರೆ. ಅದೇ ಬಣ್ಣದಲ್ಲಿ ಪಕ್ಕದಲ್ಲಿ ವರ್ಷವೂ ಇರುತ್ತದೆ. ತಂದೆ ತೀರಿದ್ದು, ಮಗ ಬಂದದ್ದು ಅಥವಾ ಮನೆಯವರು ಊರನ್ನೇ ಬಿಟ್ಟದ್ದು ಹೆಚ್ಚೂಕಡಿಮೆ ಯಾವಾಗ ಎಂದು ಅದರಿಂದ ತಿಳಿಯುತ್ತದೆ.

ನನ್ನ ಕಳಕಳಿಯ ವಿನಂತಿ: ಬೇರೆಯವರು ಆನ್‌ಲೈನ್‌ನಲ್ಲಿ ಹಾಕಿದ ವಂಶವೃಕ್ಷವನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಹಾಗೆ ಅಲ್ಲೂ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವ ವಾಡಿಕೆ ಇತ್ತು. ನಾಲ್ವರು ಅಣ್ಣತಮ್ಮಂದಿರ ಹಿರಿಯ ಮಕ್ಕಳು ಒಂದೇ ಊರಲ್ಲಿ, ಒಂದೇ ಹೆಸರಲ್ಲಿ! ಅವರನ್ನು ಬೇರೆಬೇರೆ ಮಾಡಲು ತಾಯಿಯ ತವರಿನ ಹೆಸರು ಮತ್ತು ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ಧರ್ಮಪಿತೃಗಳ ಹೆಸರೇ ಗತಿ.

ಬೆಂಗಳೂರು ಕಂಟೋನ್ಮೆಂಟ್, ಬಳ್ಳಾರಿಯ ಪಡೆಗಳಲ್ಲಿದ್ದ ಐರಿಷ್ ಸಿಪಾಯಿಗಳ ವಂಶದವರಿಗೂ ಒಂದು ಮಾತು. ಮದ್ರಾಸ್ ಪ್ರೆಸಿಡೆನ್ಸಿಯ ದೀಕ್ಷಾಸ್ನಾನ, ಮದುವೆ, ಸಮಾಧಿಯ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿವೆ. ಐರ್ಲೆಂಡಿನ ಊರು ಅವುಗಳಲ್ಲಿ ಸಾಮಾನ್ಯವಾಗಿ ಸಿಗದು. ಬ್ರಿಟಿಷ್ ಸೇನೆಯಲ್ಲಿದ್ದವರಾದರೆ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದ ಡಬ್ಲ್ಯೂಒ 97 ಸರಣಿಯಲ್ಲಿ ಸೇನೆಯಿಂದ ಬಿಡುಗಡೆಯಾದ ಪತ್ರ ನೋಡಿ, ಅದರಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ. 1883ಕ್ಕಿಂತ ಮೊದಲು ಸೇವೆಯಲ್ಲೇ ಸತ್ತವರ ಪತ್ರ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ; ಅಂಥವರಿಗೆ ರೆಜಿಮೆಂಟಿನ ಮಸ್ಟರ್ ರೋಲ್ (ಸಿಪಾಯಿಗಳ ಹಾಜರಿ ಪಟ್ಟಿ) ತೆರೆಯಬೇಕು.